ಬಿರುಕು ಬಿಟ್ಟ ಬೀಡಿನ ಕಾವಲಿಗೆ ಸೋಲ್ಡರ್ ಹಾಕಿದ್ರೆ ನಿಲ್ಲುತ್ತಾ?

ಇಲ್ಲ, ನಿಲ್ಲಲ್ಲ. ರೇಡಿಯೋ ರಿಪೇರಿಗೆ ಬಳಸೋ 60/40 ತವರ-ಸೀಸದ ಸೋಲ್ಡರ್ 183 ಡಿಗ್ರಿಗೇ ಮೆತ್ತಗಾಗೋಕೆ ಶುರು, 190ರ ಹತ್ರ ಪೂರ್ತಿ ನೀರು, ಸೀಸ ಇಲ್ಲದ್ದಾದ್ರೂ ಸುಮಾರು 217ಕ್ಕೆ ಕರಗುತ್ತೆ, ದೋಸೆ ಹುಯ್ಯೋ ಹೊತ್ತಿಗೆ ಕಾವಲಿ 200 ದಾಟಿರುತ್ತೆ, ಇನ್ನೇನು ಉಳಿಯುತ್ತೆ ಹೇಳಿ. ಬೀಡು ಕರಗೋದು 1150ರ ಮೇಲೆ.

ಆದ್ರೆ ಕರಗೋದೊಂದೇ ಸಮಸ್ಯೆ ಅಲ್ಲ. ಬೀಡಲ್ಲಿ ಶೇ. 2ರಿಂದ 4ರಷ್ಟು ಕಾರ್ಬನ್ ಇರುತ್ತೆ, ಕಾವಲಿಗೆ ಬಳಸೋ ಬೂದು ಬಣ್ಣದ ಬೀಡಲ್ಲಿ ಅದರಲ್ಲಿ ಬಹುಪಾಲು ಗ್ರಾಫೈಟ್ ಪದರಗಳಾಗಿ ಒಳಗೆ ಹರಡಿಕೊಂಡಿರುತ್ತೆ, ಅದಕ್ಕೇ ಎಷ್ಟು ಒತ್ತಿದ್ರೂ ತಡ್ಕೊಳ್ಳೋ ಕಾವಲಿ ಕೈಜಾರಿ ಬಿದ್ರೆ ಫಟ್ ಅಂತ ಸೀಳೋದು (ಪೆನ್ಸಿಲ್ ಕಡ್ಡಿಯಲ್ಲಿರೋದೂ ಇದೇ ಗ್ರಾಫೈಟ್). ಈ ಗ್ರಾಫೈಟಿಗೆ ಸೋಲ್ಡರ್ ಅಂಟಲ್ಲ, ಗೋಲಿ ಥರ ಉರುಳಿ ಹೋಗುತ್ತೆ. ಸೋಲ್ಡರ್ ಸ್ವಭಾವ ಉಲ್ಟಾ: ಮೆತ್ತಗೆ, ಬಾಗುತ್ತೆ, ಆದ್ರೆ ಬಲ ಕಮ್ಮಿ. ಅದೂ ಸಾಲದು ಅಂತ ಬಿಸಿಯಾದಾಗ ಬೀಡಿನ ಎರಡರಷ್ಟು ಹಿಗ್ಗುತ್ತೆ, ಹಾಗಾಗಿ ಅಂಟಿದ್ರೂ ಬಿಟ್ಕೊಳ್ಳುತ್ತೆ.

ಸೀಸ ಊಟಕ್ಕೆ ಸೇರಿದ್ರೆ ವಿಷ, ಅದಂತೂ ಬೇಡವೇ ಬೇಡ. ಮಷೀನ್ ಪಾರ್ಟ್ ಆದ್ರೆ ಮೊದ್ಲು ಚೆನ್ನಾಗಿ ಕಾಯಿಸಿ, ನಿಕಲ್ ರಾಡಲ್ಲಿ ವೆಲ್ಡ್ ಮಾಡಿ, ನಿಧಾನಕ್ಕೆ ಆರಿಸ್ತಾರೆ. ಕಾವಲಿಗೆ ಅಷ್ಟೆಲ್ಲ ಯಾಕೆ, ಹೊಸದು ತಗೊಳ್ಳಿ.