ಪಿಗ್ಮಿ ನೀರಾನೆಗಳನ್ನು ಜೋಡಿಯಾಗಿ ಏಕೆ ಇಡುವುದಿಲ್ಲ?

ಬನ್ನೇರುಘಟ್ಟದಲ್ಲಿ ನೀರಾನೆಗಳು ಒಂದೇ ಕೊಳದಲ್ಲಿ ಮೈಗೆ ಮೈ ತಾಗಿಸಿ ಮಲಗಿರುವುದನ್ನು ನೋಡಿದವರಿಗೆ, ವಿದೇಶದ ಮೃಗಾಲಯಗಳಲ್ಲಿ ಪಿಗ್ಮಿ ನೀರಾನೆಯನ್ನು ಒಂಟಿಯಾಗಿ ಇಡುವುದು ಕ್ರೌರ್ಯವೆಂದು ಅನ್ನಿಸುವುದು ಸಹಜ. ಮೊದಲ ಸಲ ಓದಿದಾಗ ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಇವೆರಡೂ ಬೇರೆ ಬೇರೆ ಜಾತಿಗಳು, ಸ್ವಭಾವವೂ ಬೇರೆ. ಲೈಬೀರಿಯಾ ಮತ್ತು ಅದರ ನೆರೆದೇಶಗಳ ದಟ್ಟ ಕಾಡುಗಳ ಪಿಗ್ಮಿ ನೀರಾನೆ ಒಂಟಿಜೀವಿ, ರಾತ್ರಿ ಸಂಚಾರಿ. ತೂಕ ಹೆಚ್ಚೆಂದರೆ 275 ಕಿಲೋ. ಗಾತ್ರ ಸಣ್ಣದಾದರೂ ಕೋರೆಹಲ್ಲು ಸಣ್ಣದಲ್ಲ. ಒಲ್ಲದ ಜೊತೆಗಾರನನ್ನು ಘಾಸಿಗೊಳಿಸಬಲ್ಲದು. ಅದಕ್ಕೇ ಗಂಡು ಹೆಣ್ಣುಗಳಿಗೆ ಬೇರೆ ಬೇರೆ ಅಂಕಣ, ಹೆಣ್ಣು ಬೆದೆಗೆ ಬಂದಾಗ ಮಾತ್ರ ಭೇಟಿ. ನಮ್ಮ ಲೆಕ್ಕದ ಸಂಸಾರ ಅವಕ್ಕೆ ಬೇಡ.

ಗರ್ಭಾವಧಿ ಸುಮಾರು ಆರೂವರೆ ತಿಂಗಳು. ಐದಾರು ಕಿಲೋ ತೂಗುವ ಮರಿಗೆ ಹುಟ್ಟುತ್ತಲೇ ಚೆನ್ನಾಗಿ ಈಜಲು ಬರುವುದಿಲ್ಲ, ಆಳದ ಕೊಳವಿದ್ದರೆ ಮುಳುಗಿ ಸಾಯಬಹುದು. ಹಾಗಾಗಿ ಹೆರಿಗೆಯ ಹೊತ್ತಿಗೆ ನೀರಿನ ಮಟ್ಟ ಇಳಿಸುತ್ತಾರೆ. ಚರ್ಮ ಒಣಗಿದರೆ ಬಿರಿಯುತ್ತದೆ. ನೀರು, ನೆರಳು, ಪಾದಕ್ಕೆ ಮೆತ್ತನೆಯ ನೆಲ, ಇವೆಲ್ಲ ಬೇಕೇ ಬೇಕು. ಬರೀ ಕಾಂಕ್ರೀಟ್ ತೊಟ್ಟಿ ಕಂಡರೆ ಆಗ ಧಾರಾಳವಾಗಿ ಬೈಯಿರಿ.

ಯಾವ ಗಂಡಿಗೆ ಯಾವ ಹೆಣ್ಣು ಎಂಬುದನ್ನು ಒಂದೊಂದು ಮೃಗಾಲಯ ತನ್ನಿಷ್ಟದಂತೆ ನಿರ್ಧರಿಸುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯ ಇವುಗಳ ಅಂತರರಾಷ್ಟ್ರೀಯ ವಂಶಾವಳಿಯನ್ನು ನಿರ್ವಹಿಸುತ್ತದೆ. ರಕ್ತಸಂಬಂಧಿಗಳು ಕೂಡದಂತೆ ಜೋಡಿ ಹೊಂದಿಸುತ್ತಾರೆ. ನಮ್ಮ ಗೋತ್ರ ನೋಡುವ ಹಿರಿಯರಿಗಿಂತ ಕಟ್ಟುನಿಟ್ಟು! ಇನ್ನೊಂದು ತಲೆನೋವೂ ಇದೆ: ಮೃಗಾಲಯಗಳಲ್ಲಿ ಹುಟ್ಟುವ ಮರಿಗಳಲ್ಲಿ ಹೆಣ್ಣೇ ಹೆಚ್ಚು, ಗಂಡಿನ ಕೊರತೆ.