ಐದು ತಿಂಗಳ ಕೂಸಿನ ಜೊತೆ ಊರಿಗೆ ಹೊರಟರೆ ಯಾವ ಹಾಸಿಗೆ ಒಯ್ಯಬೇಕು?

ನೀವು ಕೇಳಿದ್ದು ಇಷ್ಟು. ಮಗುವಿಗೆ ಐದು ತಿಂಗಳು. ಬೆಂಗಳೂರಿನಿಂದ ಧಾರವಾಡದ ಹತ್ತಿರದ ಹಳ್ಳಿಗೆ ಮದುವೆಗೆ ಹೋಗಬೇಕು, ಹತ್ತು ದಿನ ಇರಬೇಕು. ಕೊಡೆಯ ಹಾಗೆ ಬಿಚ್ಚಿಕೊಳ್ಳುವ ಸೊಳ್ಳೆ ಪರದೆ ಹಾಸಿಗೆ ಅಗ್ಗಕ್ಕೆ ಸಿಗುತ್ತಿದೆ, ಅದು ಸಾಕಾ? ಅಥವಾ ಅದರ ಹತ್ತು ಪಟ್ಟು ಬೆಲೆಯ ಮಡಚುವ ಪ್ಲೇಯಾರ್ಡ್ ಬೇಕಾ? ಊರಲ್ಲಿ ಹೇಗೂ ತೊಟ್ಟಿಲಿದೆ, ಏನೂ ಒಯ್ಯದೆ ಹೋದರೆ ಆಗಲ್ವಾ?

ಪ್ಲೇಯಾರ್ಡ್ ಒಯ್ಯಿರಿ. ನಾಲ್ಕೂ ಕಡೆ ಬಲೆ ಇರುತ್ತದಲ್ಲ, ಮಡಚಿ ಉದ್ದನೆ ಚೀಲಕ್ಕೆ ತುಂಬುವಂಥದ್ದು, ಅದೇ. ಕೊಳ್ಳುವ ಮನಸ್ಸಿಲ್ಲದಿದ್ದರೆ ಬಾಡಿಗೆಗೆ ತನ್ನಿ. ನಾನು ಡಾಕ್ಟರಲ್ಲ, ಎರಡು ಮಕ್ಕಳ ಅಪ್ಪ. ನಮ್ಮೂರೂ ಧಾರವಾಡದ ಕಡೆಯದೇ. ಮೊದಲ ಮಗುವಿನ ಹೊತ್ತಿಗೆ ನೀವು ನೋಡುತ್ತಿರುವ ಆ ಕೊಡೆ ಹಾಸಿಗೆಯನ್ನೇ ನಾನೂ ಕೊಂಡಿದ್ದೆ.

ನೋಡಲು ಮುದ್ದಾಗಿತ್ತು. ತಳದಲ್ಲಿ ಉಬ್ಬಿದ ಮೆತ್ತೆ, ಸುತ್ತ ಸುರುಳಿ ದಿಂಬಿನಂಥ ಅಂಚು, ತಲೆಗೊಂದು ಪುಟ್ಟ ದಿಂಬು. ಊರಿಗೆ ಹೋದ ಎರಡನೇ ರಾತ್ರಿ ಕರೆಂಟ್ ಹೋಯಿತು. ಫ್ಯಾನ್ ನಿಂತು ನನಗೆ ಎಚ್ಚರವಾಯಿತು. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಮಗಳು ದಿಂಬಿನಿಂದ ಜಾರಿ ಪಕ್ಕಕ್ಕೆ ವಾಲಿದ್ದಳು. ಮೂಗು ಬಾಯಿ ಎರಡೂ ಆ ಉಬ್ಬಿದ ಅಂಚಿಗೆ ಒತ್ತಿಕೊಂಡಿದ್ದವು. ಅಳುತ್ತಿರಲಿಲ್ಲ, ಕೊಸರುತ್ತಲೂ ಇರಲಿಲ್ಲ. ಎತ್ತಿಕೊಂಡೆ, ಉಸಿರು ಸರಿಯಾಗಿತ್ತು. ಬೆವರಿನಿಂದ ಕೂದಲು ಒದ್ದೆಯಾಗಿತ್ತು, ಅಷ್ಟೇ. ಆದರೆ ಆ ರಾತ್ರಿ ನಾನು ಮತ್ತೆ ಮಲಗಲಿಲ್ಲ. ಕರೆಂಟ್ ಹೋಗದಿದ್ದರೆ ನನಗೆ ಎಚ್ಚರವೇ ಆಗುತ್ತಿರಲಿಲ್ಲ ಅನ್ನುವುದು ಈಗಲೂ ತಲೆಯಲ್ಲಿ ಕೊರೆಯುತ್ತದೆ.

ದೊಡ್ಡವರಿಗೆ ಮೆತ್ತಗಿದ್ದರೆ ಸುಖ. ಕೂಸಿಗೆ ಅದೇ ಅಪಾಯ. ಮುಖ ಮೆತ್ತೆಯಲ್ಲಿ ಹೂತುಕೊಂಡರೆ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ತಲೆ ಭಾರ, ಕತ್ತಿನಲ್ಲಿ ಬಲ ಕಡಿಮೆ, ತಾನಾಗಿ ಹೊರಳಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಮಕ್ಕಳ ಡಾಕ್ಟರುಗಳು ಹೇಳುವ ಹಾಸಿಗೆ ಒಂದೇ ಥರದ್ದು: ಗಟ್ಟಿ, ಸಮತಟ್ಟು, ಖಾಲಿ. ಅದರ ಮೇಲೆ ಮಗು ಅಂಗಾತ. ದಿಂಬು, ಕೌದಿ, ಗೊಂಬೆ, ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬು, ಯಾವುದೂ ಬೇಡ. ಅಂಗೈಯಿಂದ ಒತ್ತಿ ಕೈ ತೆಗೆಯಿರಿ. ತಗ್ಗು ಹಾಗೇ ಉಳಿದರೆ ಅದು ಮೆತ್ತಗಾಯಿತು ಅಂತಲೇ ಲೆಕ್ಕ.

ಅಂಗಾತ ಮಲಗಿಸಿದರೆ ಹಾಲು ಕಕ್ಕಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಅಂತ ಊರಲ್ಲಿ ಖಂಡಿತ ಯಾರಾದರೂ ಹೇಳುತ್ತಾರೆ. ನನಗೂ ಆ ಭಯ ಇತ್ತು. ನಮ್ಮ ಡಾಕ್ಟರ್ ಒಂದು ಚೀಟಿಯ ಮೇಲೆ ಎರಡು ಕೊಳವೆ ಬರೆದು ತೋರಿಸಿದರು. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲೆ, ಅನ್ನದ ಕೊಳವೆ ಕೆಳಗೆ. ಕಕ್ಕಿದ್ದು ಕೆಳಗಿನದಕ್ಕೇ ಇಳಿಯುತ್ತದೆ. ಬೋರಲಾಗಿದ್ದರೆ ಉಲ್ಟಾ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂದು ದೊಡ್ಡ ಪ್ರಚಾರ ಶುರು ಮಾಡಿದರು. ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಕೂಸುಗಳ ಪ್ರಮಾಣ ಮುಂದಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಇನ್ನು ಪ್ಲೇಯಾರ್ಡ್ ವಿಷಯ. ನಮ್ಮದು ನ್ಯೂಜೆರ್ಸಿಯಲ್ಲಿರುವ ಅಕ್ಕ ತಂದದ್ದು. ಪೆಟ್ಟಿಗೆಯಲ್ಲಿ ಒಂದು ಪೋಸ್ಟ್ ಕಾರ್ಡ್ ಇತ್ತು, ಅಂಚೆ ವೆಚ್ಚ ಮೊದಲೇ ಕೊಟ್ಟದ್ದು. ಹೆಸರು, ವಿಳಾಸ ತುಂಬಿ ಕಂಪನಿಗೆ ಕಳಿಸಬೇಕು. ಜಾಹೀರಾತು ಕಳಿಸೋಕೆ ಇರಬೇಕು ಅಂತ ನಾನು ಎಸೆಯಲು ಹೋದೆ. ಅಕ್ಕ ಕಸಿದುಕೊಂಡು ಅದರ ಕಥೆ ಹೇಳಿದಳು. 1998ರ ಮೇನಲ್ಲಿ ಶಿಕಾಗೋದಲ್ಲಿ ಡ್ಯಾನಿ ಕೀಸರ್ ಎಂಬ ಮಗು ಇಂಥದ್ದೇ ಒಂದು ಮಡಚುವ ತೊಟ್ಟಿಲಲ್ಲಿ ಸತ್ತಿತು. ಒಂದೂವರೆ ವರ್ಷವೂ ತುಂಬಿರಲಿಲ್ಲ. ಮೇಲಿನ ಕಂಬಿ ನಡುವೆ ಮಡಚಿ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಕುಸಿದು, ಕತ್ತು ಅದರಲ್ಲಿ ಸಿಕ್ಕಿಕೊಂಡಿತ್ತು. ಆ ತೊಟ್ಟಿಲನ್ನು ಐದು ವರ್ಷ ಮೊದಲೇ, 1993ರಲ್ಲಿ, ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಂಡಿದ್ದರು. ಮಗು ನೋಡಿಕೊಳ್ಳುವ ಮನೆಯಲ್ಲಿ ಅದು ಹಾಗೇ ಉಳಿದಿತ್ತು. ಮುಂದೆ 2008ರಲ್ಲಿ ಆ ಮಗುವಿನ ಹೆಸರಿನಲ್ಲೇ ಅಮೆರಿಕದಲ್ಲಿ ನಿಯಮ ಬಂತು. ಇಂಥ ಸಾಮಾನಿನ ಜೊತೆ ನೋಂದಣಿ ಕಾರ್ಡ್ ಕೊಡಲೇಬೇಕು, ದೋಷ ಸಿಕ್ಕರೆ ಕೊಂಡವರ ಮನೆಗೇ ಸುದ್ದಿ ಮುಟ್ಟಬೇಕು ಅಂತ. ಅಂದೇ ಕಾರ್ಡ್ ತುಂಬಿದೆ.

ಬಾಡಿಗೆಗೆ ತರುವುದಾದರೂ, ನೆಂಟರ ಮನೆಯಿಂದ ಎರವಲು ತರುವುದಾದರೂ ನೀವು ಹೆಚ್ಚು ಹೊತ್ತು ಕಳೆಯಬೇಕಾದದ್ದು ಆ ಕಂಬಿಗಳ ಹತ್ತಿರ. ಹೆಚ್ಚಿನವನ್ನು ಬಿಚ್ಚುವ ಕ್ರಮ ಹೀಗಿರುತ್ತದೆ: ನಡುವಿನ ತಳ ಇನ್ನೂ ಮೇಲಿರುವಾಗಲೇ ಮೊದಲು ನಾಲ್ಕೂ ಪಕ್ಕದ ಕಂಬಿಗಳನ್ನು ಮೇಲಕ್ಕೆಳೆದು 'ಟಕ್' ಅನ್ನಿಸಬೇಕು. ಆಮೇಲೆ ತಳವನ್ನು ಕೆಳಗೆ ಒತ್ತಬೇಕು. ಮೊದಲು ತಳ ಒತ್ತಿಬಿಟ್ಟರೆ ಕಂಬಿ ಸೆಟ್ ಆಗುವುದಿಲ್ಲ, ಜಗಳಾಡಿದರೂ ಆಗುವುದಿಲ್ಲ. ನಾಲ್ಕು 'ಟಕ್' ಎಣಿಸಿ. ಆಮೇಲೆ ಒಂದೊಂದು ಕಂಬಿಯ ನಡುವೆ ಕೈಯಿಟ್ಟು ಮೈಭಾರ ಬಿಡಿ. ಒಮ್ಮೆ ನಾವು ಉಳಿದುಕೊಂಡ ಒಂದು ಲಾಡ್ಜಿನವರು ಪ್ರೀತಿಯಿಂದ ಒಂದು ಪ್ಲೇಯಾರ್ಡ್ ತಂದುಕೊಟ್ಟಿದ್ದರು. ಮೂರು ಕಡೆ 'ಟಕ್' ಅಂದಿತು. ನಾಲ್ಕನೆಯದು ಸುಮ್ನೆ ನಿಂತ ಹಾಗೆ ಕಾಣುತ್ತಿತ್ತು, ಕೈಯಿಟ್ಟ ಕೂಡಲೇ ಕುಸಿಯಿತು. ಥ್ಯಾಂಕ್ಸ್ ಹೇಳಿ ವಾಪಸ್ ಕೊಟ್ಟೆ.

ಬಲೆಯಲ್ಲಿ ಹರಿದಿದೆಯಾ ನೋಡಿ. ಕಣ್ಣುಗಳು ಅಂಗಿಯ ಗುಂಡಿ ಸಿಕ್ಕಿಕೊಳ್ಳದಷ್ಟು ಸಣ್ಣವಿರಬೇಕು, ಕಾಲು ಇಂಚಿಗಿಂತ ಕಡಿಮೆ. ಮೇಲ್ಗಡೆ ಸಿಕ್ಕಿಸುವ ಬಾಸಿನೆಟ್ ಭಾಗ, ಅಂದರೆ ಎಳೆಗೂಸಿನ ಪುಟ್ಟ ಹಾಸಿಗೆ, ಜೊತೆಗೆ ಬಂದರೆ ಅದನ್ನು ಮನೆಯಲ್ಲೇ ಬಿಡಿ. ಅದು ಆಗತಾನೆ ಹುಟ್ಟಿದ ಕೂಸಿಗೆ ಸರಿ. ಐದು ತಿಂಗಳೆಂದರೆ ಮಗು ಹೊರಳುವ, ಕೈಯೂರಿ ಏಳುವ ಹೊತ್ತು.

ಹಾಸಿಗೆಯ ಮಾತಿಗೆ ಬಂದರೆ, ಇಲ್ಲೇ ಎಲ್ಲರೂ ಎಡವುವುದು. ಪ್ಲೇಯಾರ್ಡ್ ಜೊತೆ ಬರುವ ಹಾಸಿಗೆ ಹಪ್ಪಳದ ಹಾಗೆ ತೆಳ್ಳಗಿರುತ್ತದೆ, ಒಂದು ಒಂದೂವರೆ ಇಂಚು. ಗಟ್ಟಿ ಬೇರೆ. ಮೊದಲ ದಿನ ನಮ್ಮವ್ವ ಅದರ ಮೇಲೆ ಕೈಯಾಡಿಸಿ, "ಅಯ್ಯ, ಕೂಸಿನ್ನ ಇಷ್ಟ ಗಟ್ಟಿ ಹಾಸಗಿ ಮ್ಯಾಲ ಮಲಗಸ್ತೀಯೇನ? ಬೆನ್ನ ನೋಯಂಗಿಲ್ಲೇನ ಅದಕ್ಕ?" ಅಂದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಒಳಗೆ ಒಂದು ಗಾದಿ, ಅದರ ಮೇಲೆ ನಾಲ್ಕು ಮಡಿಕೆಯ ಕೌದಿ! ಪಾಪ, ಪ್ರೀತಿಯೇ. ಆದರೆ ಹೊರಗಿನ ಹಾಸಿಗೆ ಅದರ ಅಳತೆಗೆ ಕೂರುವುದಿಲ್ಲ. ಪಕ್ಕದಲ್ಲಿ ಸಂದು ಉಳಿಯುತ್ತದೆ. ಬಲೆ ಹೊರಗೆ ಜಗ್ಗುತ್ತದೆ, ಮಗು ಹೊರಳಿ ಆ ಸಂದಿಗೆ ಇಳಿದರೆ ಮುಖ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ಜೊತೆ ಬಂದದ್ದು ಬಿಟ್ಟು ಇನ್ನೊಂದು ಹಾಸಿಗೆ ಹಾಕಲೇಬಾರದು. ಮೂಲೆಗೆ ಎಲಾಸ್ಟಿಕ್ ಇರುವ, ಬಿಗಿಯಾಗಿ ಕೂರುವ ಒಂದು ಹೊದಿಕೆ ಸಾಕು.

ಈಗ ಊರಿನ ತೊಟ್ಟಿಲು. ನಿಮ್ಮ ಕಡೆಯದು ಕಲಘಟಗಿಯ ಬಣ್ಣದ ತೊಟ್ಟಿಲಾಗಿದ್ದರೆ ನನಗೆ ಹೊಟ್ಟೆಕಿಚ್ಚು. ಹೆಸರಿಡುವ ದಿನ ಅದರಲ್ಲೇ ಮಲಗಿಸಿ ಫೋಟೋ ತೆಗೆಸಿ. ಆದರೆ ರಾತ್ರಿ ನಿದ್ದೆಗೆ ಬಳಸುವ ಮೊದಲು ಟೇಪ್ ಹಿಡಿಯಿರಿ. ಸರಳುಗಳ ನಡುವೆ 6 ಸೆಂಟಿಮೀಟರಿಗಿಂತ ಜಾಸ್ತಿ ಜಾಗ ಇದ್ದರೆ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳಬಹುದು. ಅಂಚು ಎಷ್ಟು ಎತ್ತರ ಇದೆ ಅಂತಲೂ ನೋಡಿ. ಕೈಯೂರಿ ಏಳುವ ಮಗುವಿಗೆ ತಗ್ಗಿನ ತೊಟ್ಟಿಲು ಆಗುವುದಿಲ್ಲ.

ಸೀರೆ ಜೋಲಿಯ ಬಗ್ಗೆ ಬರೆದರೆ ಬೈಸಿಕೊಳ್ಳುತ್ತೇನೆ, ಗೊತ್ತು. ನಾನೂ ಜೋಲಿಯಲ್ಲೇ ಬೆಳೆದವನು. ಆದರೆ ಜೋಲಿಯಲ್ಲಿ ಕೂಸಿನ ಮೈ ಬಿಲ್ಲಿನ ಹಾಗೆ ಬಾಗುತ್ತದೆ, ಗದ್ದ ಎದೆಗೆ ತಾಗುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಒಪ್ಪಂದ ಆಯಿತು. ಅವ್ವ ಪಕ್ಕದಲ್ಲೇ ಕೂತು, ಕಣ್ಣು ಮಗುವಿನ ಮೇಲಿಟ್ಟು ತೂಗಲಿ. ಕಣ್ಣು ಮುಚ್ಚಿದ ಕೂಡಲೇ ಎತ್ತಿ ಪ್ಲೇಯಾರ್ಡಿಗೆ. ಹತ್ತರಲ್ಲಿ ನಾಲ್ಕು ಸಲ ಎದ್ದುಬಿಡುತ್ತಿತ್ತು, ಮತ್ತೆ ಮೊದಲಿಂದ. ಕಾರ್ ಸೀಟಿಗೂ ಇದೇ ಮಾತು. ಸ್ಟೇಷನ್ನಿನಿಂದ ಹಳ್ಳಿಗೆ ಕಾರಿನಲ್ಲಿ ಹೋಗುವಾಗ ಅದು ಬೇಕೇಬೇಕು. ಮನೆ ಮುಟ್ಟಿದ ಮೇಲೆ, ನಿದ್ದೆಯಲ್ಲಿದೆ ಅಂತ ಸೀಟಿನಲ್ಲೇ ಬಿಡಬೇಡಿ. ಅಮೆರಿಕದಲ್ಲಿ 10 ಡಿಗ್ರಿಗಿಂತ ಜಾಸ್ತಿ ಇಳಿಜಾರಿರುವ ಕೂಸಿನ ಹಾಸಿಗೆಗಳನ್ನೂ, ತೊಟ್ಟಿಲಿನ ಸುತ್ತ ಕಟ್ಟುವ ಮೆತ್ತೆಗಳನ್ನೂ 2022ರಲ್ಲಿ ಕಾನೂನು ಮಾಡಿಯೇ ನಿಷೇಧಿಸಿದರು. ನಮ್ಮ ಆನ್‌ಲೈನ್ ಅಂಗಡಿಗಳಲ್ಲಿ ಅಂಥವು ಈಗಲೂ ಕಾಣುತ್ತವೆ.

ಪ್ರಯಾಣದ ರಾತ್ರಿಗೆ ಮಾತ್ರ ಯಾವ ಹಾಸಿಗೆಯೂ ಉಪಾಯವಲ್ಲ. ರೈಲಿನ ಬರ್ತ್ ಮೇಲೆ ಪ್ಲೇಯಾರ್ಡ್ ಬಿಚ್ಚಲು ಜಾಗವಿಲ್ಲ. 2022ರ ಮೇನಲ್ಲಿ ಲಖನೌ ಮೇಲ್ ರೈಲಿನಲ್ಲಿ ಕೆಳಗಿನ ಬರ್ತಿಗೆ ಸಿಕ್ಕಿಸುವ ಮಗುವಿನ ಪುಟ್ಟ ಬರ್ತನ್ನು ಪ್ರಯೋಗಕ್ಕೆ ಹಾಕಿದ್ದರು. ಅದನ್ನು ನಂಬಿಕೊಂಡು ಹೊರಡಬೇಡಿ. ರಾತ್ರಿ ರೈಲಿನಲ್ಲಿ ನಾನೂ ನನ್ನ ಹೆಂಡತಿಯೂ ಮೂರು ಮೂರು ಗಂಟೆ ಪಾಳಿ ಹಾಕಿಕೊಂಡು ಎಚ್ಚರ ಕೂತೆವು. ದಾವಣಗೆರೆ ದಾಟುವ ಹೊತ್ತಿಗೆ ಇಬ್ಬರಿಗೂ ಜಗಳಾಡುವಷ್ಟು ಸುಸ್ತು. ಎರಡನೇ ಮಗುವಿಗೆ ಬುದ್ಧಿ ಬಂತು, ಹಗಲು ರೈಲು ಹಿಡಿದೆವು. 2023ರ ಜೂನ್‌ನಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ಓಡುತ್ತಿದೆ, ಸುಮಾರು ಆರೂವರೆ ಗಂಟೆಯ ದಾರಿ. ಮಗು ತೊಡೆಯ ಮೇಲೆ, ನಾವು ಎಚ್ಚರ. ಮಧ್ಯಾಹ್ನಕ್ಕೆಲ್ಲ ಪ್ಲೇಯಾರ್ಡ್ ಬಿಚ್ಚಿ ಮಲಗಿಸಿಯಾಗಿತ್ತು.

ಸೊಳ್ಳೆ? ನೀವು ಕೊಡೆ ಹಾಸಿಗೆಗೆ ಮನಸೋತದ್ದು ಅದಕ್ಕೇ ಇರಬೇಕು. ಪ್ಲೇಯಾರ್ಡಿನ ಮೇಲೆ ಸಡಿಲವಾಗಿ ಬಟ್ಟೆಯನ್ನೋ ಪರದೆಯನ್ನೋ ಹೊದಿಸಬೇಡಿ, ಒಳಗೆ ಬಿದ್ದರೆ ಮಗುವಿಗೆ ಸುತ್ತಿಕೊಳ್ಳುತ್ತದೆ. ಊರಿನ ಮನೆಗಳಲ್ಲಿ ನಾಲ್ಕು ಮೂಲೆಗೆ ಮೊಳೆ ಹೊಡೆದು ಕಟ್ಟುವ ದೊಡ್ಡ ಪರದೆ ಇರುತ್ತದಲ್ಲ, ಅದನ್ನು ಕಟ್ಟಿ. ಅದರೊಳಗೆ ನಿಮ್ಮ ಹಾಸಿಗೆ, ಪಕ್ಕದಲ್ಲೇ ಪ್ಲೇಯಾರ್ಡ್. ಒಂದೇ ಕೋಣೆ, ಬೇರೆ ಬೇರೆ ಹಾಸಿಗೆ. ಆರು ತಿಂಗಳವರೆಗಾದರೂ ಹಾಗೇ ಇರಲಿ ಅಂತ ಡಾಕ್ಟರುಗಳೂ ಹೇಳುತ್ತಾರೆ. ಮಲಗಿಸುವಾಗ ಕುಲಾವಿ ತೆಗೆಯಿರಿ. ಸೆಕೆಗೆ ಹತ್ತಿಯ ಜಬಲಾ ಸಾಕು. ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಬಟ್ಟೆ ಜಾಸ್ತಿಯಾಗಿದೆ ಅಂತ ಅರ್ಥ.

ಹೊರಡುವ ಮೊದಲು ಮೂರ್ನಾಲ್ಕು ರಾತ್ರಿ ಬೆಂಗಳೂರಿನ ಮನೆಯಲ್ಲೇ ಅದರಲ್ಲಿ ಮಲಗಿಸಿ. ಹೊಸ ಊರು, ಹೊಸ ಮುಖ, ಹೊಸ ಹಾಸಿಗೆ ಮೂರೂ ಒಂದೇ ದಿನ ಬಂದರೆ ಯಾವ ಮಗು ಮಲಗುತ್ತದೆ? ಆಗ ಹಾಸಿಗೆಗೆ ಹಾಕಿದ ಆ ಎಲಾಸ್ಟಿಕ್ ಹೊದಿಕೆಯನ್ನು ಒಗೆಯದೆ ಹಾಗೇ ಒಯ್ಯಿರಿ, ಮನೆಯ ವಾಸನೆ ಇರುತ್ತದೆ.

ಮದುವೆ ಮನೆಯಲ್ಲಿ ಇನ್ನೊಂದು ಫಜೀತಿ ಉಂಟು. ಖಾಲಿ ಪ್ಲೇಯಾರ್ಡ್ ಕಂಡರೆ ಬಂದವರೆಲ್ಲ ಅದರೊಳಗೆ ಸಾಮಾನು ಇಡುತ್ತಾರೆ. ಆಹೇರಿ ಸೀರೆ, ಪರ್ಸು, ಒಮ್ಮೆ ಯಾರೋ ತೆಂಗಿನಕಾಯಿ ಚೀಲ ಇಟ್ಟಿದ್ದರು. ನಾನು ಹೇಳಿ ಹೇಳಿ ಸಾಕಾಗಿದ್ದೆ. ಮೂರನೇ ದಿನ ನೋಡಿದರೆ ಅವ್ವನೇ ಬಾಗಿಲಲ್ಲಿ ನಿಂತು ಸೋದರತ್ತೆಗೆ ಜೋರು ಮಾಡುತ್ತಿದ್ದಳು: "ತಗೀರಿ ಅದನ್ನ, ಕೂಸಿನ ಹಾಸಗ್ಯಾಗ ಏನೂ ಇಡಬಾರದಂತ!"

ಅಂದಹಾಗೆ, ಹೆಚ್ಚಿನ ಪ್ಲೇಯಾರ್ಡುಗಳು 10 ಕೆಜಿ ಆಸುಪಾಸು ತೂಗುತ್ತವೆ, ಬಿಚ್ಚಿದರೆ ಸುಮಾರು ಒಂದು ಮೀಟರ್ ಉದ್ದ, 70 ಸೆಂಟಿಮೀಟರ್ ಅಗಲ. ಊರಿಗೆ ಫೋನ್ ಮಾಡಿ ನಿಮಗೆ ಕೊಡುವ ಕೋಣೆಯಲ್ಲಿ ಮಂಚದ ಪಕ್ಕ ಅಷ್ಟು ಜಾಗ ಇದೆಯಾ ಕೇಳಿ. ಇಲ್ಲದಿದ್ದರೆ ಮಂಚ ಹೊರಗೆ ಹಾಕಿಸಿ, ನೀವು ಜಮಖಾನದ ಮೇಲೆ ಮಲಗಿ.