ಹದಿಮೂರು ಕಿಲೋ ನೀರಿನ ಲೆಕ್ಕ

ಪತ್ರ: ಟ್ರ್ಯಾಕ್ಟರಿಗೆ ಕಟ್ಟಿ ಕಣದಿಂದ ಕಣಕ್ಕೆ ಒಯ್ಯುವಂಥ ಮೆಕ್ಕೆಜೋಳದ ಡ್ರೈಯರ್ ಮಾಡಿದ್ದೇನೆ. ಬೆಂಗಳೂರಿನಲ್ಲಿ ಆರು ಹೂಡಿಕೆದಾರರಿಗೆ ಸ್ಲೈಡ್ ತೋರಿಸಿದೆ. ಎಲ್ಲರೂ ಚೆನ್ನಾಗಿದೆ ಅಂದರು, ಒಬ್ಬರೂ ಮತ್ತೆ ಫೋನ್ ಮಾಡಲಿಲ್ಲ. ಉದ್ಯಮಿಗಳು ಬರೆಯುವುದನ್ನು ಕಲಿಯಬೇಕು ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೀರಿ. ಇಂಗ್ಲಿಷೇ ಸರಿಯಾಗಿ ಬರದ ನನಗೆ ಬರವಣಿಗೆಯಿಂದ ಒಂದು ಕೋಟಿ ಹುಟ್ಟುತ್ತದೆಯೇ?
– ಓದುಗ, ದಾವಣಗೆರೆ

ಸಂಪಾದಕರ ಉತ್ತರ: ಹುಟ್ಟುವುದಿಲ್ಲ. ಆದರೆ ಫೋನ್ ಯಾಕೆ ಬರಲಿಲ್ಲ ಎಂಬುದು ಗೊತ್ತಾಗುತ್ತದೆ.

ನೀವು ಕಳಿಸಿದ ಸ್ಲೈಡುಗಳನ್ನು ನೋಡಿದೆ. ಹನ್ನೊಂದನೆಯದರಲ್ಲಿ 'ರೈತರಿಗೆ ಲಾಭ' ಎಂದು ದಪ್ಪಕ್ಷರ, ಪಕ್ಕಕ್ಕೆ ಮೇಲೇರುವ ಹಸಿರು ಬಾಣ. ಎಷ್ಟು ಲಾಭ, ಯಾವ ರೈತನಿಗೆ? ಅದನ್ನೇ ಪೂರ್ತಿ ವಾಕ್ಯ ಮಾಡಿ ಬರೆಯಲು ಕೂತಿದ್ದರೆ ನಿಮ್ಮ ಪೆನ್ನು ಅಲ್ಲೇ ನಿಲ್ಲುತ್ತಿತ್ತು.

ನಾನು ಬರೆದು ನೋಡಿದೆ. ಹಸಿ ಕಾಳಿನಲ್ಲಿ ಶೇ 25ರಷ್ಟು ತೇವ ಇದೆ ಅನ್ನಿ. ಬೆಂಬಲ ಬೆಲೆ ಖರೀದಿಗೆ ಶೇ 14 ದಾಟುವಂತಿಲ್ಲ. ಅಷ್ಟಕ್ಕೆ ಇಳಿಸಿದರೆ ಒಂದು ಕ್ವಿಂಟಲ್ ಹೋಗಿ 87 ಕಿಲೋ ಚಿಲ್ಲರೆ ಉಳಿಯುತ್ತದೆ. ಹತ್ತಿರ ಹತ್ತಿರ 13 ಕಿಲೋ ನೀರು ಹೋಯಿತು. ತೂಕವೂ ಇಳಿಯಿತು, ಮೇಲೆ ನಿಮ್ಮ ಬಾಡಿಗೆ ಬೇರೆ. ಜಗಳೂರಿನ ರೈತ ಕೇಳುವುದೇ ಇದನ್ನು: 'ರೋಡಲ್ಲಿ ಹರವಿದ್ರೆ ಬಿಸಿಲು ಪುಕ್ಕಟೆ ಅಲ್ವೇನ್ರೀ?' ಉತ್ತರ ಇದೆ. ಕಟಾವಿನ ಹೊತ್ತಿಗೆ ಹಿಂಗಾರು ಹಿಡಿದುಕೊಂಡು, ರಸ್ತೆ ಬದಿಯ ರಾಶಿಗೆ ತಾಡಪಾಲು ಹೊದಿಸಿ ರಾತ್ರಿಯೆಲ್ಲ ಕಾದು, ಬೆಳಿಗ್ಗೆ ಸರಿಸಿದರೆ ಬೂಷ್ಟಿನ ವಾಸನೆ. ಆವತ್ತು ಅವನು ನಿಮಗೆ ದುಡ್ಡು ಕೊಡುತ್ತಾನೆ. ಅಂದರೆ ನಿಮ್ಮ ಗಿರಾಕಿ ಮಳೆಯ ವಾರದ ಗಿರಾಕಿ. ಉಳಿದ ತಿಂಗಳು ಯಂತ್ರಕ್ಕೇನು ಕೆಲಸ? ಅಥವಾ ಗಿರಾಕಿ ರೈತನೇ ಅಲ್ಲ, ಕೋಳಿ ಆಹಾರದ ಫ್ಯಾಕ್ಟರಿಗೆ ಮಾಲು ಕಳಿಸುವ ವರ್ತಕನೋ? ಇಪ್ಪತ್ತೆರಡು ಸ್ಲೈಡಿನಲ್ಲಿ ಈ ಮಾತೇ ಇಲ್ಲ.

ಜೆಫ್ ಬೆಜೋಸ್ 2004ರಲ್ಲಿ ಅಮೆಜಾನಿನ ಹಿರಿಯ ಅಧಿಕಾರಿಗಳ ಸಭೆಯಿಂದ ಪವರ್‌ಪಾಯಿಂಟನ್ನು ಹೊರಗೆ ಹಾಕಿದ್ದೂ ಇದಕ್ಕೇ. ಆರು ಪುಟದ ಬರಹ ತರಬೇಕು, ಎಲ್ಲರೂ ಮೊದಲು ಸದ್ದಿಲ್ಲದೆ ಓದಬೇಕು, ಆಮೇಲೆ ಮಾತು. (ನಮ್ಮೂರ ಸಭೆಗಳಿಗೆ ಇದು ಬಂದರೆ ಹಾರ ತುರಾಯಿಯವರ ಗತಿಯೇನೋ!)

ಇನ್ನೊಂದು. 'ಕಂಪನಿಯ ಬೆಲೆ 5 ಕೋಟಿ, 1 ಕೋಟಿಗೆ ಶೇ 20 ಪಾಲು' ಎಂದಿದ್ದೀರಿ. ಹೂಡಿಕೆದಾರರ ಕೋಟಿ ಸೇರಿದ ಮೇಲೆ 5 ಆದರೆ, ಇವತ್ತಿನ ಬೆಲೆ 4. ಇವತ್ತೇ 5 ಎನ್ನುವುದಾದರೆ ಅವರಿಗೆ ಸೇರುವುದು ಆರರಲ್ಲೊಂದು ಪಾಲು, ಶೇ 17ಕ್ಕೂ ಕಮ್ಮಿ. ಯಾವುದೆಂದು ಬರೆಯದಿದ್ದರೆ ಜಗಳ ಒಪ್ಪಂದದ ದಿನಕ್ಕೆ ಮುಂದೆ ಹೋಗುತ್ತದೆ, ಅಷ್ಟೆ. ಪಾಲು ಬಿಡಲು ಮನಸ್ಸಿಲ್ಲದಿದ್ದರೆ ಹೊಸ ಉದ್ಯಮಗಳಿಗೆ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ ಇದೆ: ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ. ಅಲ್ಲೂ ಮೊದಲು ಅರ್ಜಿಯನ್ನೇ ತುಂಬಬೇಕು.

ಇಂಗ್ಲಿಷ್ ಚಿಂತೆ ಬಿಡಿ, ಅದನ್ನು ತಿದ್ದಿಕೊಡುವವರು ಸಿಗುತ್ತಾರೆ. ಲೆಕ್ಕ ತಪ್ಪಿದ್ದರೆ ಯಾವ ಭಾಷೆಯೂ ಮುಚ್ಚುವುದಿಲ್ಲ. ಈ ಪತ್ರಿಕೆಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು 'ಚಂದಾ ನವೀಕರಿಸದಿದ್ದರೆ?' ಎಂದರು. ನನ್ನ ನಾಲ್ಕು ಪುಟದ ಆದರ್ಶದಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ.

ಕನ್ನಡದಲ್ಲಿ ಒಂದೇ ಪುಟ ಬರೆಯಿರಿ. ನನಗೆ ಕಳಿಸುವ ಮುಂಚೆ ಎಪಿಎಂಸಿಯಲ್ಲಿ ಯಾರಾದರೂ ಹಳೇ ವರ್ತಕರಿಗೆ ಓದಿ ಹೇಳಿ, ಅವರು 'ತಡಿ ತಡಿ' ಅಂದ ಕಡೆಯೆಲ್ಲ ಗೆರೆ ಎಳೆದು ತನ್ನಿ. ಮಂಡಕ್ಕಿ ಮಿರ್ಚಿ ಖರ್ಚು ನನ್ನದು.